ಬಾಯ್ಲರ್ ಮಾಮಾನ ಹಿಮಪ್ರದೇಶ

ನಮ್ಮ ಮಾಮಾನಿಗೆ ದಕ್ಷಿಣ ಧ್ರುವದ ಓಣಿ ಓಣಿಯೂ ಗೊತ್ತು. ಆದರೆ ಹಳಿಯಾಳದ ಬಸ್ ಸ್ಟ್ಯಾಂಡಿನಿಂದ ನಮ್ಮ ಮನೆಗೆ, ಅಂದರೆ ಸ್ವಂತ ತಂಗಿಯ ಮನೆಗೆ ಬರಲು ಇವತ್ತಿಗೂ ಮೂರು ಜನರನ್ನು ದಾರಿ ಕೇಳುತ್ತಾನೆ!

ಇದು ಉತ್ಪ್ರೇಕ್ಷೆಯಲ್ಲ. ನಾನು ಇಪ್ಪತ್ತು ವರ್ಷಗಳಿಂದ ಪತ್ರಿಕೆಯೊಂದರ ವರದಿಗಾರ. ಎರಡು ಮೂಲಗಳಿಂದ ಖಾತ್ರಿಯಾಗದ ಸಂಗತಿಯನ್ನು ಬರೆಯುವವನಲ್ಲ. ದಾರಿ ತೋರಿಸಿದ ಮೂವರಲ್ಲಿ ಇಬ್ಬರನ್ನು ವಿಚಾರಿಸಿಯೇ ಮೇಲಿನ ಸಾಲು ಬರೆದಿದ್ದೇನೆ.

ಮಾಮಾ ದಾಂಡೇಲಿಯವನು. ಕಾಗದದ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದ. ಹಿಮವನ್ನು ಕಣ್ಣಾರೆ ಕಂಡವನಲ್ಲ. ಅವನು ನೋಡಿದ ಅತಿ ದೊಡ್ಡ ಹಿಮರಾಶಿಯೆಂದರೆ ಮಾಮಿಯ ಹಳೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬೆಳೆದದ್ದು. ಮಾಮಿ ಅದನ್ನು ಕರಗಿಸಲು ಸ್ವಿಚ್ ಆರಿಸಿದರೆ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂರುತ್ತಾನೆ. "ಹಿಮನದಿ ಕರಗಾಕತ್ತೈತಿ. ಜಗತ್ತಿಗೆ ಕಾಳಜಿ ಇಲ್ಲ" ಎಂದು ಮರುಗುತ್ತಾನೆ.

"ಹಿಮನದಿ ಅಡಗಿಮನಿ ತುಂಬ ಹರದೈತಿ. ಮೊದಲ ಅದನ್ನ ಒರಸ್ರಿ" ಎನ್ನುತ್ತಾಳೆ ಮಾಮಿ.

ಈ ಹುಚ್ಚು ಹತ್ತಿದ್ದು ಬಾಯ್ಲರಿನ ಮುಂದೆಯೇ. ರದ್ದಿ ಅಂಗಡಿಯಲ್ಲಿ ಹಳೆಯ ಸಚಿತ್ರ ಪತ್ರಿಕೆಗಳು ಸಿಗುತ್ತಿದ್ದವು. ಊಟದ ಬಿಡುವಿನಲ್ಲಿ ಮಾಮಾ ಅವನ್ನು ಬಿಚ್ಚಿಕೊಂಡು ಕೂರುತ್ತಿದ್ದ. ಬೆನ್ನಿಗೆ ಬೆಂಕಿ, ಕೈಯಲ್ಲಿ ಪೆಂಗ್ವಿನ್! ಫಿನ್ಲೆಂಡಿನ ಜನ ಬಿಸಿ ಹಬೆಯ ಕೋಣೆಯಲ್ಲಿ ಬೆವರು ಸುರಿಸಿ, ನೆಟ್ಟಗೆ ಹೋಗಿ ಮಂಜುಗಟ್ಟಿದ ಕೆರೆಯ ತೂತಿನಲ್ಲಿ ಮುಳುಗುತ್ತಾರೆಂದು ಓದಿದ ದಿನ ಸಹೋದ್ಯೋಗಿಗಳನ್ನೆಲ್ಲ ಕೂಡಿಸಿ ಹೇಳಿದನಂತೆ: "ಅದರಾಗ ಅರ್ಧಾ ನಾವು ದಿನಾ ಮಾಡತೇವಿ. ಉಳಿದರ್ಧಕ್ಕ ಕೆರಿ ಒಂದು ಸಿಗವಲ್ದು, ಅಷ್ಟ!"

ಮಾಮಾ ಕಂಡಕಂಡವರಿಗೆ ಹೇಳುವುದು ಇಂಥವನ್ನು: ಹಿಮಕರಡಿಯ ಬಿಳಿ ಕೂದಲ ಕೆಳಗೆ ಕಪ್ಪು ಚರ್ಮ ಇರುತ್ತದೆ. ಅಲಾಸ್ಕಾದ ಒಂದು ಜಾತಿಯ ಕಪ್ಪೆ ಚಳಿಗಾಲದಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿ, ಬಿಸಿಲು ಬಂದಾಗ ಎದ್ದು ಕುಪ್ಪಳಿಸುತ್ತದೆ. ದೊಡ್ಡ ಜಾತಿಯ ಗಂಡು ಪೆಂಗ್ವಿನ್ ಎರಡು ತಿಂಗಳು ಏನೂ ತಿನ್ನದೆ ಮೊಟ್ಟೆಯನ್ನು ಪಾದದ ಮೇಲಿಟ್ಟುಕೊಂಡು ನಿಂತಿರುತ್ತದೆ. ಕೊನೆಯದನ್ನು ಕೇಳಿದಾಗ ಮಾಮಿ ಒಂದೇ ಮಾತು ಅಂದಳು: "ನೀವು ಹಾಲು ಉಕ್ಕದಂಗ ಎರಡು ನಿಮಿಷ ನಿಂದರ್ರಿ, ಸಾಕು."

ನಾನು ಇವನ್ನೆಲ್ಲ ಸುಳ್ಳೆಂದು ಸಾಬೀತು ಮಾಡಲು ಬಹಳ ಪ್ರಯತ್ನಪಟ್ಟಿದ್ದೇನೆ. ಅದು ನನ್ನ ವೃತ್ತಿದೋಷ. ಹಿಮಸಾರಂಗದ ಕಣ್ಣಿನ ಒಳಪದರ ಬೇಸಿಗೆಯಲ್ಲಿ ಬಂಗಾರದ ಬಣ್ಣ, ಚಳಿಗಾಲದಲ್ಲಿ ನೀಲಿ ಎಂದು ಅವನು ಹೇಳಿದಾಗ, ಸಿಕ್ಕಿಬಿದ್ದ ಎಂದು ಹಿಗ್ಗಿದ್ದೆ. ಎರಡು ದಿನ ಹುಡುಕಿದೆ. ನಿಜವಾಗಿತ್ತು. ಫೋನ್ ಮಾಡಿ ಒಪ್ಪಿಕೊಂಡೆ.

"ತಿದ್ದುಪಡಿ ಹಾಕತಿಯೇನು?" ಎಂದ ಮಾಮಾ.

"ನಾ ಎಲ್ಲೂ ಬರದಿಲ್ಲಲ್ಲೋ ಮಾಮಾ."

"ಮನಸಿನ್ಯಾಗ ಬರದಿದ್ದಿಯಲ್ಲ, ಅದಕ್ಕ ಹಾಕು."

ದಾಂಡೇಲಿಯ ಪೇಟೆಯಲ್ಲಿ ಐಸ್‌ಕ್ರೀಮ್ ಗಾಡಿಯೊಂದಿದೆ. ಅದರ ಮೇಲೆ ಹಿಮಕರಡಿ ಮತ್ತು ಪೆಂಗ್ವಿನ್ ಒಂದೇ ಕಪ್ಪಿನಲ್ಲಿ ಐಸ್‌ಕ್ರೀಮ್ ತಿನ್ನುವ ಚಿತ್ರ. ಮಾಮಾ ಗಾಡಿಯವನನ್ನು ತಡೆದು ನಿಲ್ಲಿಸಿದ.

"ಕರಡಿ ಇರೂದು ಉತ್ತರಕ್ಕ, ಪೆಂಗ್ವಿನ್ ದಕ್ಷಿಣಕ್ಕ. ಇವರಿಬ್ಬರ ನಡುವ ಇಡೀ ಭೂಮಿ ಐತಿ! ಹೆಂಗ ಕೂಡಿದ್ರಪಾ ಇವರು?"

"ನನ್ನ ಗಾಡಿ ಮ್ಯಾಲ ಕೂಡ್ಯಾರ್ರಿ. ಯಾರನ್ನ ಅಳಸಲಿ, ನೀವಽ ಹೇಳ್ರಿ."

ಯಾರನ್ನು ಅಳಿಸುವುದು? ಮಾಮಾನಿಗೆ ಒಂದು ವಾರ ಊಟ ಸೇರಲಿಲ್ಲ. ಎಂಟನೆಯ ದಿನ ಬಣ್ಣದ ಡಬ್ಬಿ ಹಿಡಿದು ಹೋದ. ಇಬ್ಬರ ನಡುವೆ, ಕಪ್ಪಿನ ಮೇಲೆ ಹಾದುಹೋಗುವಂತೆ ಮೇಲಿಂದ ಕೆಳಗೆ ಹಳದಿ ಗೆರೆ ಎಳೆದ. ಪಕ್ಕದಲ್ಲಿ ದುಂಡಗೆ ಬರೆದ: ಭೂಮಧ್ಯರೇಖೆ. ಗಾಡಿ ಈಗಲೂ ಓಡಾಡುತ್ತಿದೆ. ನೋಡಬಹುದು.

ಇಷ್ಟೆಲ್ಲ ತಿಳಿದವನಿಗೂ ಒಂದು ಸರ್ವೋಚ್ಚ ನ್ಯಾಯಾಲಯ ಇತ್ತು. ಅದು ಮುಂಡಗೋಡದ ಟಿಬೆಟನ್ ಕ್ಯಾಂಪಿನಿಂದ ಪ್ರತಿ ಚಳಿಗಾಲ ಬಂದು ದಾಂಡೇಲಿಯ ರಸ್ತೆ ಬದಿ ಸ್ವೆಟರ್ ಹರಡಿಕೊಂಡು ಕೂರುತ್ತಿತ್ತು. ನಾವೆಲ್ಲ ಅವರನ್ನು ಸ್ವೆಟರ್ ಅಜ್ಜ ಎನ್ನುತ್ತಿದ್ದೆವು. ಪರಿಚಯವಾದದ್ದು ಹೀಗೆ: ಬಾಯ್ಲರ್ ಕೆಲಸ ಮುಗಿಸಿ ಬೆವರು ಒರೆಸಿಕೊಳ್ಳುತ್ತ ಬಂದ ಮಾಮಾ, ಅಂಗಡಿಯಲ್ಲೇ ಎಲ್ಲಕ್ಕಿಂತ ದಪ್ಪ ಸ್ವೆಟರ್ ಕೇಳಿದ.

"ನಿಮಗ ಜ್ವರ ಅದಾವೇನ್ರಿ?" ಎಂದು ಅಜ್ಜ ಕೇಳಿದರಂತೆ.

"ಇಲ್ರಿ. ನಿಮ್ಮೂರಾಗ ಹಿಮ ಬೀಳತಿತ್ತಲ್ಲ, ಅದರ ಬಗ್ಗೆ ಕೇಳೂದೈತಿ. ಸುಮ್ನ ಕೇಳಿದ್ರ ಹೇಳತೀರೋ ಇಲ್ಲೋ ಅಂತ."

ಆ ಸ್ವೆಟರನ್ನು ಮಾಮಾ ಇವತ್ತಿಗೂ ತೊಟ್ಟಿಲ್ಲ. ಅಜ್ಜನ ಸ್ನೇಹ ಮಾತ್ರ ಗಟ್ಟಿಯಾಯಿತು. ಅಜ್ಜ ಎತ್ತರದ ಬಯಲಿನಲ್ಲಿ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವರು. ಆ ಕಡೆಯ ಉದ್ದಗೂದಲಿನ ದನದಲ್ಲಿ ಯಾಕ್ ಎಂದರೆ ಗಂಡು, ಹೆಣ್ಣನ್ನು ಡ್ರಿ ಎನ್ನಬೇಕು ಎಂದು ಕಲಿಸಿದವರು ಅವರು. ಅಂದಿನಿಂದ ಯಾರಾದರೂ ಯಾಕ್ ಹಾಲು ಎಂದರೆ ಮಾಮಾ, "ಎತ್ತಿನ ಹಾಲು ಕುಡದೀಯೇನು?" ಎಂದು ಎಗರುತ್ತಾನೆ. ಕುರಿಗಳನ್ನು ಎರಡು ಸಾಲಾಗಿ ಎದುರುಬದುರು ನಿಲ್ಲಿಸಿ, ಕೊರಳಿಗೆ ಕೊರಳು ಹೆಣೆದಂತೆ ಒಂದೇ ಹಗ್ಗದಲ್ಲಿ ಕಟ್ಟಿ ಹಾಲು ಕರೆಯುವುದು, ಆ ಕುರಿಗಳ ಬೆನ್ನ ಮೇಲೇ ಉಪ್ಪಿನ ಚೀಲ ಹೊರಿಸಿ ದಿನಗಟ್ಟಲೆ ನಡೆಯುವುದು, ಚಹಾಕ್ಕೆ ಬೆಣ್ಣೆ ಉಪ್ಪು ಹಾಕಿ ಮಜ್ಜಿಗೆಯಂತೆ ಕಡೆಯುವುದು, ಹೆಪ್ಪುಗಟ್ಟಿದ ಸರೋವರ ಗುಡುಗಿದಂತೆ ಸದ್ದು ಮಾಡುವುದು, ಎಲ್ಲ ಅಜ್ಜನ ಬಾಯಿಂದ ಮಾಮಾನ ತಲೆಗೆ ಇಳಿದವು. ಪತ್ರಿಕೆಯಲ್ಲಿ ಓದಿದ್ದು ಸರಿಯೋ ತಪ್ಪೋ ಎಂಬ ತೀರ್ಪೂ ಅಲ್ಲೇ ಆಗಬೇಕು.

ಹಿಂದೆ ತಮ್ಮ ಕಡೆ ಹಿರಿಯರಿಗೆ ನಾಲಿಗೆ ಹೊರಚಾಚಿ ಗೌರವ ಸಲ್ಲಿಸುತ್ತಿದ್ದರು ಎಂದೂ ಅಜ್ಜ ಹೇಳಿದ್ದರು. ಇದನ್ನು ಹೇಳಬಾರದಿತ್ತು! ಹಳಿಯಾಳದಲ್ಲಿ ನನ್ನ ತಂಗಿಯನ್ನು ನೋಡಲು ಬಂದ ಗಂಡಿನ ಅಜ್ಜಿಗೆ ಮಾಮಾ ಅತ್ಯಂತ ವಿನಯದಿಂದ ಬಾಗಿ, ಉದ್ದಕ್ಕೆ ನಾಲಿಗೆ ಚಾಚಿದ. ಆ ಅಜ್ಜಿ ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿ, "ಹೊಟ್ಟಿ ಸುದ್ದ ಇಲ್ಲ ಇವರಿಗೆ. ರಾತ್ರಿಗೆ ಅಳಲೆಕಾಯಿ ಕೊಡ್ರಿ" ಅಂದರು. ಸಂಬಂಧ ಕುದುರಿತು.

ಅಜ್ಜ ಹೇಳಿದ್ದರಲ್ಲಿ ಒಂದೇ ಒಂದು ಸಂಗತಿಯನ್ನು ಮಾಮಾ ಯಾರ ಮುಂದೆಯೂ ಆಡುತ್ತಿರಲಿಲ್ಲ. ನನಗೂ ಹೇಳಿದ್ದು ಒಮ್ಮೆ ಮಾತ್ರ. ಅಜ್ಜ ಸಣ್ಣವರಿದ್ದಾಗ, ಟಿಬೆಟ್ ಬಿಟ್ಟು ಪರ್ವತ ದಾಟಿ ಬರುವ ದಾರಿಯಲ್ಲಿ ಅವರ ತಾಯಿ ಹಿಮದಲ್ಲೇ ತೀರಿಕೊಂಡಳು.

ಹೋದ ಚಳಿಗಾಲ ಸ್ವೆಟರ್ ಅಜ್ಜ ಬರಲಿಲ್ಲ. ಮಾಮಾ ಎರಡು ವಾರ ರಸ್ತೆ ಬದಿಯ ಖಾಲಿ ಜಾಗ ನೋಡಿ ಬಂದ. ಆಮೇಲೆ ಮುಂಡಗೋಡದ ಬಸ್ಸು ಹತ್ತಿದ. ಕ್ಯಾಂಪಿನ ಮನೆಯಲ್ಲಿ ಅಜ್ಜನ ಮಗಳು ಬಾಗಿಲು ತೆರೆದಳು.

"ಯಾರ ಗುರುತೂ ಹತ್ತವಲ್ದ್ರಿ. ಮೊದಲ ನಮ್ಮ ಹೆಸರು ಹ್ವಾದುವು. ಈಗ ಊರೂ ಹೊಂಟೈತಿ. ಕುರಿ, ಡೇರೆ, ಯಾವುದೂ ನೆನಪಿಲ್ರಿ."

ಮಾಮಾ ಅಜ್ಜನ ಮುಂದೆ ಕುಳಿತು, "ಹೆಣ್ಣು ಯಾಕಿಗೆ ಏನಂತಾರ, ಹೇಳ್ರಿ ಅಜ್ಜಾ" ಎಂದು ಕೇಳಿದನಂತೆ. ಅಜ್ಜ ಅವನ ಅಂಗಿಯ ತೋಳು ಹಿಡಿದು ಬಟ್ಟೆ ಸವರಿ ನೋಡಿದರಂತೆ.

ಆ ದಿನದಿಂದ ಮಾಮಾ ಹದಿನೈದು ದಿನಕ್ಕೊಮ್ಮೆ ಹೋಗುತ್ತಾನೆ. ಹೋದ ತಿಂಗಳು ನಾನೂ ಜೊತೆಗಿದ್ದೆ. ಅವನು ಅಲ್ಲಿ ಏನು ಮಾಡುತ್ತಾನೆ ಎಂದು ಖುದ್ದಾಗಿ ನೋಡಬೇಕಿತ್ತು.

ಹೇಳುತ್ತಾನೆ. ಅಷ್ಟೇ. ಅಜ್ಜ ಅವನಿಗೆ ಕೊಟ್ಟಿದ್ದನ್ನು ಒಂದೊಂದಾಗಿ ಅಜ್ಜನಿಗೇ ಮರಳಿ ಹೇಳುತ್ತಾನೆ. ಡೇರೆಯ ಕಪ್ಪು ಬಟ್ಟೆ ಯಾಕಿನ ಕೂದಲಿನದು. ಕುರಿಗಳು ಹೀಗೆ ನಿಲ್ಲುತ್ತವೆ: ಮಾಮಾ ತನ್ನ ಎರಡೂ ಕೈಯ ಬೆರಳುಗಳನ್ನು ಹೆಣೆದು ತೋರಿಸಿದ. ಅಜ್ಜ ಆ ಬೆರಳುಗಳನ್ನು ಬಹಳ ಹೊತ್ತು ನೋಡಿದರು. ಸರೋವರದ ಗುಡುಗನ್ನು ಮಾಮಾ ಗಂಟಲಿನಿಂದಲೇ ಮಾಡಿದ. ಹಿಮವನ್ನೇ ಕಾಣದ ಬಾಯ್ಲರ್ ಮನುಷ್ಯ, ಹಿಮದಲ್ಲಿ ಹುಟ್ಟಿದವರಿಗೆ ಹಿಮದ ವಿಷಯ ಹೇಳುತ್ತಿದ್ದ. ನಾವು ಇಷ್ಟು ವರ್ಷ ನಕ್ಕಿದ್ದು ಇದಕ್ಕೇ.

ಅಜ್ಜ ಇದ್ದಕ್ಕಿದ್ದಂತೆ ತಲೆಯೆತ್ತಿ, ಸ್ವೆಟರ್ ಮಾರುವಾಗಿನ ಅದೇ ಕನ್ನಡದಲ್ಲಿ ಕೇಳಿದರು: "ಅವ್ವ ಎಲ್ಲಿ?"

ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಮಾಮಾ ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ಅಜ್ಜನ ಮೊಣಕಾಲ ಮೇಲೆ ಕೈ ಇಟ್ಟ.

"ಡೇರೇದಾಗ ಅದಾಳ, ಅಜ್ಜಾ. ಚಹಾ ಕಡಿಯಾಕತ್ತಾಳ. ಕುರಿ ಕಟ್ಟಿ ಬಾ ಅಂದಾಳ."

"ಉಪ್ಪು ಹಾಕ್ಯಾಳೇನು?"

"ಹಾಕ್ಯಾಳ."

ಅಜ್ಜ ಹೂಂ ಎಂದು ತಲೆಯಾಡಿಸಿದರು. ಕಣ್ಣು ಮುಚ್ಚಿ ಒಂದು ಗುಟುಕು ನುಂಗಿದರು.

ಮರಳುವಾಗ ನಮ್ಮ ಬಸ್ಸು ಯಲ್ಲಾಪುರ ಮುಟ್ಟಿತು. ಮಾಮಾ ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದ: "ತಿದ್ದುಪಡಿ ಹಾಕತಿಯೇನು?"

"ಇಲ್ಲ ಮಾಮಾ" ಅಂದೆ. "ಎರಡು ಮೂಲದಿಂದ ಖಾತ್ರಿ ಆಗೈತಿ. ನೀ ಹೇಳಿದಿ, ಅಜ್ಜ ಹೂಂ ಅಂದ್ರು."