ಬಾನೆಟ್ಟಿಗೆ ಬೆನ್ನು ಕೊಟ್ಟ ಮಾವ

ಶಿವಪ್ರಕಾಶ್: ಮಾವ, ಸ್ವಲ್ಪ ಪಕ್ಕಕ್ಕೆ ಬನ್ನಿ. ಬಾನೆಟ್ ಎತ್ತಬೇಕು.

ದೇವರಾಜು: ಎತ್ತೋದು ಆಮ್ಯಾಕೆ. ಚೆನ್ನಾಗಿರೋ ಆಲ್ಟರ್ನೇಟರ್ರ ಯಾಕೆ ಬಿಚ್ಚಾಕ್ತೀರಿ, ಅದ ಹೇಳಿ.

ಶಿವಪ್ರಕಾಶ್: ಸಾಕಾಗ್ತಿಲ್ಲ ಅಂತ ಎಷ್ಟು ಸಲ ಹೇಳೋದು? ದಿನಾ ಬೆಳಿಗ್ಗೆ ಎದ್ದು ನೋಡಿದ್ರೆ ಬ್ಯಾಟರಿ ಸತ್ತಿರುತ್ತೆ.

ಡ್ಯಾನ್‌ವಿಲ್ಲಿನ ಮನೆ ಮುಂದೆ ನಿಂತಿದ್ದ ಆ ಮಿನಿವ್ಯಾನೇ ಶಿವಪ್ರಕಾಶನ ಕಂಪನಿ. ಹಿಂದಿನ ಸೀಟು ಕಿತ್ತು ಎರಡು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಫ್ಯಾಕ್ಸು ಕೂರಿಸಿದ್ದ. ಫ್ರೀವೇಯಲ್ಲಿ ಸಿಕ್ಕಿಕೊಂಡವರು ಅಲ್ಲೇ ಆಫೀಸು ಮಾಡಲಿ ಎಂಬುದು ಐಡಿಯಾ. ಹೊಸ ಕಂಪನಿಗಳ ಹುಚ್ಚೆದ್ದಿದ್ದ ಆ ವರ್ಷ ಇದಕ್ಕಿಂತ ಕಡೆಯಾದ ಐಡಿಯಾಗಳಿಗೂ ಜನ ದುಡ್ಡು ಸುರಿಯುತ್ತಿದ್ದರು. ಸೋಮವಾರ ಸೇತುವೆಯಾಚೆಯ ಮೆನ್ಲೋ ಪಾರ್ಕ್ ಊರಿನಲ್ಲಿ ದುಡ್ಡು ಹಾಕುವವರು ವ್ಯಾನನ್ನೇ ನೋಡಲು ಬರುವವರಿದ್ದರು. ಅಂದು ಅದು ಸ್ಟಾರ್ಟ್ ಆಗದಿದ್ದರೆ ಕಂಪನಿಯ ಕಥೆ ಮುಗಿಯಿತು. ಅದಕ್ಕೇ ಈ ಶನಿವಾರ ಬ್ಯಾಟರಿಗೆ ಚಾರ್ಜ್ ತುಂಬುವ ದೊಡ್ಡ ಆಲ್ಟರ್ನೇಟರು, ಹೆಬ್ಬೆರಳು ಗಾತ್ರದ ವೈರು ತಂದಿಟ್ಟುಕೊಂಡಿದ್ದ.

ಅಡ್ಡ ನಿಂತ ಮಾವ ದೇವರಾಜು ಮಂಡ್ಯದ ಕೆ.ಇ.ಬಿ.ಯಲ್ಲಿ ಸೆಕ್ಷನ್ ಆಫೀಸರಾಗಿ ನಿವೃತ್ತರಾದವರು. ವಿದೇಶದಲ್ಲಿದ್ದ ಮಗಳ ಮನೆಗೆ ಬಂದರೂ ಹುದ್ದೆಯನ್ನು ಊರಲ್ಲಿ ಬಿಟ್ಟು ಬಂದಿರಲಿಲ್ಲ.

ದೇವರಾಜು: ಸಾಲ್ದಿದ್ರೆ ಲೋಡು ಕಮ್ಮಿ ಮಾಡಿ. ಸರ್ವೀಸೆಲ್ಲ ನಾನು ಮಾಡುದ್ದು ಅದೇ ಕೆಲ್ಸ.

ಶಿವಪ್ರಕಾಶ್: ಅದಕ್ಕೇ ಊರೆಲ್ಲ ನಿಮ್ಮನ್ನ ಬೈತಿತ್ತು.

ದೇವರಾಜು: ಬೈಯೋರಿಗೇನು ಗೊತ್ತು. ಡಂಬಾರ್ಟನ್ ಸೇತುವೆಗಂಟ ಕಂಪ್ಯೂಟರ್ರು, ದಾಟುದ್ ಮ್ಯಾಲೆ ಫ್ಯಾಕ್ಸು. ಎಲ್ಡೂ ಒಟ್ಟಿಗೆ ಬ್ಯಾಡ.

ಶಿವಪ್ರಕಾಶ್: ದುಡ್ಡು ಹಾಕೋರ ಹತ್ರ ಏನು ಹೇಳ್ಲಿ? ಈಗ ಫ್ಯಾಕ್ಸಿನ ಪಾಳಿ ಇಲ್ಲ, ಸೇತುವೆ ದಾಟಿ ಬನ್ನಿ ಅಂತಲಾ?

ದೇವರಾಜು: ನಮ್ ರೈತ್ರೇ ಒಪ್ಕಂಡಿದ್ರು. ಇವ್ರದೇನು ಹೆಚ್ಚುಗಾರಿಕೆ?

ಶಿವಪ್ರಕಾಶ್ ಸಮಾಧಾನದಿಂದಲೇ ವಿವರಿಸಿದ. ದೊಡ್ಡ ಆಲ್ಟರ್ನೇಟರಿನ ಕರೆಂಟು ಹಳೇ ಸಣ್ಣ ವೈರಿನಲ್ಲಿ ಹರಿದರೆ ವೈರು ಕಾದು ಸುಟ್ಟೀತು, ಹಾಗಾಗಿ ಹೊಸ ದಪ್ಪ ವೈರನ್ನು ಫ್ಯೂಸಿನ ಜೊತೆ ಸೀದಾ ಬ್ಯಾಟರಿಗೆ ಎಳೆಯಬೇಕು ಎಂದ. ಎಲ್ಲಕ್ಕೂ ತಲೆಯಾಡಿಸುತ್ತಿದ್ದ ಮಾವನವರು ಬ್ಯಾಟರಿ ಎಂದ ಕೂಡಲೇ ಬಾನೆಟ್ಟಿಗೆ ಇನ್ನಷ್ಟು ಒರಗಿದರು.

ದೇವರಾಜು: ಏನಾರ ಮಾಡ್ಕಳಿ, ಬ್ಯಾಟರಿ ತಂಟೆಗೆ ಮಾತ್ರ ಹೋಗ್ಬ್ಯಾಡಿ.

ಅಷ್ಟರಲ್ಲಿ ಹೇಮಶ್ರೀ ಎರಡು ಕಪ್ ಗ್ರೀನ್ ಟೀ ಹಿಡಿದು ಬಂದಳು. ವಾಲ್ನಟ್ ಕ್ರೀಕಿನ ಡಾಕ್ಟರು ಅಪ್ಪನಿಗೆ ಶುಗರ್ ಜಾಸ್ತಿಯಾಗಿದೆ ಎಂದ ದಿನದಿಂದ ಮನೆಯಲ್ಲಿ ಕಾಫಿಯೂ ಇಲ್ಲ, ಸಕ್ಕರೆಯೂ ಇಲ್ಲ. ಅಪ್ಪನಿಗೆ ಜೊತೆ ಇರಲಿ ಎಂದು ಗಂಡನನ್ನೂ ಅದೇ ಪಥ್ಯಕ್ಕೆ ಸೇರಿಸಿದ್ದಳು.

ಹೇಮಶ್ರೀ: ಇನ್ನೂ ಶುರು ಮಾಡಿಲ್ವಾ? ಅಪ್ಪಾಜಿ, ಈಚೆ ಬನ್ನಿ.

ದೇವರಾಜು: ಮಂಡಿನೋವು ಕಣವ್ವ. ವಸಿ ಒರಿಕ್ಕಂಡಿವ್ನಿ.

ಅವಳು ಗರಾಜಿನಿಂದ ಕುರ್ಚಿ ತಂದು ಹಾಕಿದಳು. ಮಂಡಿನೋವಿನವರು ಕುರ್ಚಿಯನ್ನು ಬೇಡವೆನ್ನುವುದು ಹೇಗೆ? ಬಾನೆಟ್ ಎದ್ದಿತು. ಬ್ಯಾಟರಿಯಿಂದ ಎರಡು ವೈರು, ಕಪ್ಪು ಟೇಪು ಸುತ್ತಿಸಿಕೊಂಡು ಅಚ್ಚುಕಟ್ಟಾಗಿ, ಒಳಗಿನ ಸೀಟಿನ ಕಡೆಗೆ ಹೊರಟಿದ್ದವು. ಹೇಮಶ್ರೀ ಬಾಗಿಲು ತೆಗೆದು ಸೀಟಿನಡಿ ಕೈ ಹಾಕಿದಳು. ನೀರು ಕಾಯಿಸುವ ಕಾಯಿಲ್ಲು ಬಂತು. ಅದರ ಹಿಂದೆ ಕಾಫಿಪುಡಿ, ಸಕ್ಕರೆ ಡಬ್ಬಿ, ಇನ್ನೂ ಒದ್ದೆಯಿದ್ದ ಸ್ಟೀಲಿನ ಲೋಟಗಳು.

ಶಿವಪ್ರಕಾಶ್: ಮಾವ, ಕೆ.ಇ.ಬಿ.ಯವರಾಗಿ ಕರೆಂಟು ಕದಿಯೋದಾ?

ದೇವರಾಜು: ಕೀ ನಿಮ್ ಜೇಬಲ್ಲಿರ್ತದೆ. ಕೀ ಇಲ್ದೆ ವ್ಯಾನಿನ ಸಾಕೆಟ್ಟಲ್ಲಿ ಕರೆಂಟ್ ಬರಕಿಲ್ಲ, ಅದ್ಕೇ ಸೀದಾ ಬ್ಯಾಟರಿಯಿಂದ್ಲೇ ಎಳ್ಕಂಡೆ. ಬೆಳಗಿನ ಜಾವ ನಂಗೆ ನಿದ್ದೆನೂ ಬರಕಿಲ್ಲ. ನಾನೇನ್ ಮಾಡ್ಲಿ?

ಶಿವಪ್ರಕಾಶ್: ನನ್ನ ಕಂಪನೀನೇ ಕುದಿಸಿ ಕುಡಿದ್ರಲ್ಲ ಮಾವ.

ಹೇಮಶ್ರೀಗೆ ಕಂಪನಿಯ ಚಿಂತೆ ಇರಲಿಲ್ಲ. ಅರ್ಧ ಖಾಲಿಯಾಗಿದ್ದ ಸಕ್ಕರೆ ಡಬ್ಬಿಯನ್ನೇ ನೋಡುತ್ತಿದ್ದಳು.

ಹೇಮಶ್ರೀ: ಕಾಲು ಜುಮ್ ಅಂತಿದೆ ಅಂದ್ರಲ್ಲ ಅಪ್ಪಾಜಿ. ಏನಾಗಿದೆಯೋ ಅಂತ ನಾನು ನಿದ್ದೆಗೆಟ್ಟು ಅಳ್ತಿದ್ದೆ.

ದೇವರಾಜರ ತಲೆ ತಗ್ಗಿತು. ಸಕ್ಕರೆ ಇವತ್ತಿಗೇ ಬಿಟ್ಟೆ, ನಿನ್ನಾಣೆ ಎಂದರು. ನಿಜವಾಗಿಯೂ ನಾಚಿಕೆಯಾಗಿತ್ತು. ಅವಳು ಕಣ್ಣೊರೆಸಿಕೊಂಡು ಲೋಟಗಳನ್ನು ಎತ್ತಿಕೊಂಡಳು.

ಹೇಮಶ್ರೀ: ಲೋಟ ಎರಡು ಯಾಕಿದೆ?

ಶಿವಪ್ರಕಾಶನಿಗೆ ಇದ್ದಕ್ಕಿದ್ದಂತೆ ರೇಡಿಯೇಟರಿನ ಮೇಲೆ ಬಹಳ ಆಸಕ್ತಿ ಹುಟ್ಟಿತು.

ದೇವರಾಜು: ಹೇಳಿ ಅಳಿಯಂದ್ರೆ.

ಶಿವಪ್ರಕಾಶ್: ಬೆಳಿಗ್ಗೆ ಮಾವ ಕೊಡ್ತಿದ್ರು... ಅಡುಗೆಮನೇಲಿ ಕದ್ದು ಮಾಡ್ತಾರೆ ಅಂದ್ಕೊಂಡಿದ್ದೆ.

ದೇವರಾಜು: ಎಲ್ಲಿ ಕಾಯ್ಸುದ್ರಿ ಅಂತ ಒಂದಿನನಾರ ಕೇಳುದ್ರಾ?

ಹೇಮಶ್ರೀ: ಒಂದು ಕೈಲಿ ಕಾಫಿ ಕುಡೀತಾ, ಇನ್ನೊಂದು ಕೈಲಿ ಕೀ ತಿರುಗಿಸ್ತಾ ಬ್ಯಾಟರೀನ ಬೈತಿದ್ರಿ. ಸಾಲದ್ದಕ್ಕೆ ಎಲೆಕ್ಟ್ರಿಕಲ್ ಇಂಜಿನಿಯರ್ರು.

ವೈರು ಕಿತ್ತು, ಕಾಯಿಲ್ಲು, ಡಬ್ಬಿ, ಲೋಟಗಳನ್ನೆಲ್ಲ ಬಾಚಿಕೊಂಡು ಅವಳು ಒಳಗೆ ಹೋದಳು. ಅಳಿಯ ಸ್ಪ್ಯಾನರ್ ಹಿಡಿದ. ಇನ್ನು ಈ ವ್ಯಾನು ಮುಟ್ಟಬೇಡಿ ಮಾವ ಎಂದು ಅಡುಗೆಮನೆ ಕಿಟಕಿಗೆ ಕೇಳುವಷ್ಟು ಜೋರಾಗಿ ಹೇಳಿದ. ಮಾವನವರು ಕುರ್ಚಿಯಲ್ಲಿ ಕೂತು ಗ್ರೀನ್ ಟೀ ಕುಡಿದರು. ಅಳಿಯ ಹಳೇ ಆಲ್ಟರ್ನೇಟರ್ ಬಿಚ್ಚಿ ಹೊಸದನ್ನು ಕೂರಿಸಿದ. ದಪ್ಪ ವೈರನ್ನು ಬ್ಯಾಟರಿಗೆ ಬಿಗಿದು ಮುಗಿಸಿ ಶಿವಪ್ರಕಾಶ್ ಒಮ್ಮೆ ಕಿಟಕಿಯ ಕಡೆ ನೋಡಿದ.

ಶಿವಪ್ರಕಾಶ್: ಸಕ್ಕರೆ ಇಲ್ದಿರೋ ಕಾಫಿ ಆದ್ರೆ... ಹತ್ತು ಆಂಪ್ಸಿಗೆ ಬೇರೆ ಲೈನೊಂದು ಎಳೆದು, ಫ್ಯೂಸ್ ಹಾಕಿಬಿಡ್ಲಾ?

ದೇವರಾಜು: ಹತ್ತು ಸಾಲಕಿಲ್ಲ. ಸೂಟ್‌ಕೇಸಲ್ಲಿರೋ ಕಾಯಿಲ್ಲು ಇದ್ಕಿಂತ ದೊಡ್ದು. ಇಪ್ಪತ್ತುಕ್ಕೇ ಹಾಕ್ಬುಡಿ.