ಅತ್ತೆಗೆ ಸಿಕ್ಕ ಮಧುನಾಶಿನಿ

ನಮ್ಮತ್ತೆಯ ಕಣ್ಣಿಗೆ ಬಿದ್ದ ಎಲೆ ಯಾವುದೂ ತಂಬುಳಿಯಾಗದೆ ಉಳಿದದ್ದಿಲ್ಲ! ದೆಹಲಿಯ ಮಯೂರ್ ವಿಹಾರದ ಅವರ ಸೊಸೈಟಿಯಲ್ಲಿ ನಿಶ್ಚಿಂತೆಯಿಂದ ಇರುವುದು ಪ್ಲಾಸ್ಟಿಕ್ ಗಿಡಗಳು ಮಾತ್ರ. ಮಿಕ್ಕವನ್ನೆಲ್ಲ ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆಗೆ ಬೆರೆಸಿಬಿಡುತ್ತಾರೆ. ಒಮ್ಮೆ ಮಾಲಿ ಭಯ್ಯಾ ಕೈಮುಗಿದು, "ಅಮ್ಮಾಜೀ, ಯೇ ಶೋ ಕಾ ಪೌಧಾ ಹೈ!" ಎಂದು, ಅದು ಬರೀ ಅಂದಕ್ಕೆ ಬೆಳೆಸಿದ ಗಿಡವೆಂದು ಗೋಗರೆದ.

"ಅಚ್ಛಾ! ಶೋ ನೋಡಿದ್ದಾಯ್ತು, ಇನ್ನು ಊಟ" ಎಂದು ಅಚ್ಚಗನ್ನಡದಲ್ಲಿ ಹೇಳಿ ಕಿತ್ತುಕೊಂಡು ಬಂದರು. ಪುಣ್ಯಕ್ಕೆ ಅದು ಬರೀ ಕಹಿ.

ಮೊನ್ನೆ ಬೆಳಿಗ್ಗೆ ವಾಟ್ಸಾಪಿಗೆ ಒಂದು ಫೋಟೊ ಕಳಿಸಿದರು. ಬೇವಿನ ಮರಕ್ಕೆ ಸುತ್ತಿಕೊಂಡ ದಪ್ಪ ಬಳ್ಳಿ, ಮಿರಿಮಿರಿ ಎಲೆ, ದೊಡ್ಡ ದೊಡ್ಡ ತಿಳಿನೇರಳೆ ಹೂ. ಹಿಂದೆಯೇ ಅವರ ದನಿ: "ಪಾರ್ಕಲ್ಲಿ ಮಧುನಾಶಿನಿ ಸಿಕ್ಕಿತು ಕಣೋ! ಮುರಿದ್ರೆ ಹಾಲು ಬರತ್ತೆ. ನಿಮ್ಮ ಮಾವನ ಶುಗರ್ ಇನ್ನು ಓಡಿಹೋಗತ್ತೆ, ನೋಡ್ತಿರು!"

ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಮೇಡಂಗೆ ನಗುತ್ತಲೇ ತೋರಿಸಿದೆ. ಅವರು ನಗಲಿಲ್ಲ. "ಮಧುನಾಶಿನಿ ಹೂ ಪುಟ್ಟದು, ಹಳದಿ. ಇದು ರಬ್ಬರ್ ಬಳ್ಳಿ. ಚೆಂದಕ್ಕೆ ಅಂತ ಹೊರದೇಶದಿಂದ ತಂದ್ರು, ಈಗ ಮರಗಳನ್ನೇ ಮುಚ್ಚಿಹಾಕ್ತಿದೆ. ಘೋರ ವಿಷ, ಹೃದಯಕ್ಕೇ ಹೊಡೆಯತ್ತೆ!"

ಫೋನ್ ಮಾಡಿದೆ. ಒಲೆಯ ಮುಂದೆ ನಿಂತ ಅತ್ತೆ ಯಾವತ್ತಾದರೂ ಫೋನ್ ಎತ್ತಿದ್ದುಂಟೇ? ಮಾವ ಮೊದಲೇ ಎತ್ತುವವರಲ್ಲ. ಆಟೋ ಹತ್ತಿ, "ಜಲ್ದಿ ಭಯ್ಯಾ!" ಎಂದು ದಾರಿಯುದ್ದಕ್ಕೂ ಅವನ ಪ್ರಾಣ ತಿಂದೆ.

ಬಾಗಿಲು ತೆರೆದೇ ಇತ್ತು. ಸೋಫಾದ ಮೇಲೆ ಮಾವ ಬಾಯಿ ತೆರೆದು ಬಿದ್ದಿದ್ದರು! ಪಕ್ಕದಲ್ಲಿ ಖಾಲಿ ಬಟ್ಟಲು!

"ಮಾವಾ!" ಎಂದು ಕಿರುಚಿದೆ.

ಮಾವ ಒಂದು ಕಣ್ಣು ತೆರೆದು, "ಉಪ್ಪಿಟ್ಟು ಖಾಲಿ. ಮೊದಲೇ ಬರಬಾರದಿತ್ತೇ?" ಎಂದರು.

ತಂಬುಳಿ ಅಡುಗೆಕಟ್ಟೆಯ ಮೇಲೆ ಮುಚ್ಚಿಟ್ಟಂತೆಯೇ ಇತ್ತು. ಸಿಂಕಿಗೆ ಸುರಿದು, ಅಲ್ಲೇ ನಿಂತಿದ್ದ ಅತ್ತೆಗೆ ಎಲ್ಲ ಹೇಳಿ, ಬೈದೆ: "ಮಾವನಿಗೆ ಏನಾದ್ರೂ ಆಗಿದ್ರೆ?"

"ನನಗೇನಾಗತ್ತೆ?" ಎಂದು ಮಾವ ಅಲ್ಲಿಂದಲೇ ನಕ್ಕರು. "ಮದುವೆಯಾದಾಗಿಂದ ಹೊಸ ಸೊಪ್ಪು ಯಾವುದೇ ಬರಲಿ, ಮೊದಲು ಇವಳು ತಿಂದು, ಒಂದು ದಿನ ಕಾದು, ಆಮೇಲೇ ನನಗೆ ಬಡಿಸೋದು."

ನಾನು ಅತ್ತೆಯತ್ತ ತಿರುಗಿದೆ. "ಅತ್ತೇ, ನೀವು ತಿಂದ್ರಾ?"

"ಇಲ್ವೋ ಮಾರಾಯ" ಎಂದರು ಅತ್ತೆ, ಬಳ್ಳಿಯ ಹಾಲಂಟಿದ ಬೆರಳುಗಳನ್ನು ಸೋಪಿನಿಂದ ಉಜ್ಜುತ್ತ. "ಇವತ್ತು ಏಕಾದಶಿ ಅಲ್ವಾ? ನಾಳೆ ಬೆಳಿಗ್ಗೆ ತಿನ್ನೋಣ ಅಂತಿದ್ದೆ."

ನಾನು ಅವರ ಸೆರಗು ಹಿಡಿದು ಅತ್ತುಬಿಟ್ಟೆ. ಮಾವ ಎದ್ದು ಬಂದು, ಅತ್ತೆಯ ಕೈಯನ್ನು ತಾವೇ ನಲ್ಲಿಯ ಕೆಳಗೆ ಹಿಡಿದು ಮತ್ತೊಮ್ಮೆ ತೊಳೆಯತೊಡಗಿದರು.