ಬಿಚ್ಚಿದ ಮಾಲು ನನಗೆ ಬೇಡ

ಪುಕ್ಕಟೆ ಸಿಗುವ ವಸ್ತುವನ್ನು ಬಾಯ್ತುಂಬ ಹೊಗಳುವವರನ್ನು ಕಂಡರೆ ದೂರದಿಂದಲೇ ಕೈಮುಗಿದುಬಿಡಿ. ಹಾಗೆ ಹೊಗಳುತ್ತ ತಿಂಗಳುಗಟ್ಟಲೆ ಶಹಾಪುರದಲ್ಲಿ ಓಡಾಡಿದವನು ನಾನೇ ಆದ್ದರಿಂದ ಈ ವಿಷಯದಲ್ಲಿ ನನ್ನ ಮಾತನ್ನು ನಂಬಬಹುದು. ನಾನು ಇಲ್ಲಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಹೊಗಳಿದ್ದು ಲಿನಕ್ಸನ್ನು. ಲಿನಕ್ಸ್ ಎಂದರೆ ಕಂಪ್ಯೂಟರನ್ನು ನಡೆಸುವ ಒಂದು ವ್ಯವಸ್ಥೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ, ವೈರಸ್ಸಿನ ಕಾಟ ಕಡಿಮೆ, ಮುಪ್ಪಾದ ಯಂತ್ರವೂ ಎದ್ದು ಕೂರುತ್ತದೆ. ಇದೆಲ್ಲ ನಿಜವೇ. ಆದರೆ ಸ್ಟಾಫ್ ರೂಮಿನಲ್ಲಿ ಚಹಾ ಬಂದಾಗೆಲ್ಲ ಇದನ್ನೇ ಹೇಳಿ ಹೇಳಿ, ಕೊನೆಗೆ ನಾನು ಒಳಗೆ ಕಾಲಿಟ್ಟರೆ ಸಾಕು, ಸಹೋದ್ಯೋಗಿಗಳು ಅರ್ಧ ಕಪ್ ಬಿಟ್ಟು ತರಗತಿಗೆ ಎದ್ದು ಹೋಗತೊಡಗಿದರು. ಬೆಲ್ಲು ಹೊಡೆಯುವ ಮೊದಲೇ ತರಗತಿಗೆ ಹೋಗುವ ಶಿಕ್ಷಕರನ್ನು ಕಂಡು ನಮ್ಮ ಮುಖ್ಯೋಪಾಧ್ಯಾಯರಿಗೆ ಮಾತ್ರ ಬಹಳ ಸಂತೋಷವಾಯಿತು.

ಹೊಗಳಿಕೆ ಬಾಯಲ್ಲೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಒಂದು ಸೋಮವಾರ ಸಂಜೆ ಮನೆಯ ಹಳೆಯ ಕಂಪ್ಯೂಟರಿಗೂ ಲಿನಕ್ಸ್ ಹಾಕಿಬಿಟ್ಟೆ. ಆ ಕಂಪ್ಯೂಟರಿನ ಬೆನ್ನಿಗೆ ಇಂಟರ್ನೆಟ್ ವೈರು ಚುಚ್ಚುವ ಕಿಂಡಿ ಎಂದೋ ಸಿಡಿಲಿಗೆ ಸುಟ್ಟುಹೋಗಿತ್ತು. ಅಂದಿನಿಂದ ಉಗುರಿನಷ್ಟು ಗಾತ್ರದ ಒಂದು ವೈಫೈ ಅಡಾಪ್ಟರ್ ಯುಎಸ್‌ಬಿ ಕಿಂಡಿಯಲ್ಲಿ ಕುಳಿತು, ಪಡಸಾಲೆಯ ರೌಟರಿನಿಂದ ಇಂಟರ್ನೆಟ್ ಹಿಡಿದು ಕೊಡುತ್ತಿತ್ತು. ಲಿನಕ್ಸ್ ಬಂದ ಗಳಿಗೆಯಿಂದ ಅದು ಕೆಲಸ ನಿಲ್ಲಿಸಿತು. ನೀಲಿ ದೀಪವೇನೋ ಮಿನುಗುತ್ತಲೇ ಇತ್ತು. ಕೆಲವು ಕಚೇರಿಗಳಲ್ಲಿ ಫ್ಯಾನು ತಿರುಗುತ್ತಿರುತ್ತದೆ, ಕುರ್ಚಿಯಲ್ಲಿ ಯಾರೂ ಇರುವುದಿಲ್ಲವಲ್ಲ, ಹಾಗೆ.

ಇಷ್ಟಕ್ಕೇ ನಾನು ಗಾಬರಿಯಾಗುತ್ತಿರಲಿಲ್ಲ. ಗಾಬರಿಯಾದದ್ದು ನನ್ನ ಹೆಂಡತಿ ಮಹಾದೇವಿಯ ಮುಖ ನೋಡಿ. ಆಕೆ ಗೋಗಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಹುಣಸೆಬೀಜ, ಖಾಲಿ ಕಡ್ಡಿಪೆಟ್ಟಿಗೆ, ಹಳೆಯ ಲಗ್ನಪತ್ರಿಕೆಗಳನ್ನು ಹಿಡಿದುಕೊಂಡು ಮಕ್ಕಳಿಗೆ ಓದು ಕಲಿಸುವ ಆಟಗಳನ್ನು ಕಟ್ಟುತ್ತಾಳೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಮೊದಲ ಸಲ, ಜಿಲ್ಲೆಯ ಶಿಕ್ಷಕರಿಗೆಲ್ಲ ಆನ್‌ಲೈನಿನಲ್ಲಿ ಈ ಆಟಗಳನ್ನು ತೋರಿಸಿಕೊಡಿ ಎಂದು ಆಕೆಯನ್ನು ಕೇಳಿದ್ದರು. ಭಾನುವಾರ ಹನ್ನೊಂದು ಗಂಟೆಗೆ ಕಾರ್ಯಕ್ರಮ. ಒಂದು ತಿಂಗಳು ಕೂತು ಮಾಡಿದ ಚಿತ್ರಗಳೆಲ್ಲ ಆ ಕಂಪ್ಯೂಟರಿನ ಹೊಟ್ಟೆಯಲ್ಲಿದ್ದವು.

"ನನ್ನ ಕಾರ್ಯಕ್ರಮ ಮುಗಿಯೂ ತನಕಾದ್ರೂ ಅದಕ್ಕ ಕೈ ಹಚ್ಚಲಾರದ ಇರಾಕ ಆಗ್ತಿದ್ದಿಲ್ಲೇನ್ರಿ?" ಎಂದಳು.

"ಒಂದು ಅಡಾಪ್ಟರ್ ಬದಲಿ ಮಾಡಿದ್ರ ಮುಗೀತು. ಅರ್ಧ ತಾಸಿನ ಕೆಲಸ," ಎಂದೆ ನಾನು.

"ನನಗ ಎದಿ ಡವಡವ ಅನ್ನಾಕತ್ತದ. ಭಾನುವಾರ ನೀವು ಬಾಜೂಕ ಕುಂದರಬೇಕು ನೋಡ್ರಿ. ಎಲ್ಲೆರ ತಪ್ಪಿದ್ರ ಕೈ ಸನ್ನಿ ಮಾಡ್ರಿ." ಆಗಲಿ ಎಂದು ಮಾತು ಕೊಟ್ಟೆ. ಮಾತು ಕೊಡುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ.

ಮೊದಲು ಹಳೆಯ ಅಡಾಪ್ಟರನ್ನೇ ದಾರಿಗೆ ತರಲು ನೋಡಿದೆ. ಅದಕ್ಕೆ ಡ್ರೈವರ್ ಎಂಬ ಒಂದು ತಂತ್ರಾಂಶ ಬೇಕಂತೆ. ಆ ಡ್ರೈವರ್ ಇರುವುದು ಇಂಟರ್ನೆಟ್ಟಿನಲ್ಲಿ. ಇಂಟರ್ನೆಟ್ ಬರಬೇಕಾದರೆ ಡ್ರೈವರ್ ಇರಬೇಕು. ಇದನ್ನು ಕಟ್ಟಿದ ಮಹಾನುಭಾವರು ಯಾರೋ, ಅವರು ಒಂದು ದಿನವಾದರೂ ಆಧಾರ್ ತಿದ್ದಿಸಲು ಸಾಲಿನಲ್ಲಿ ನಿಂತು ಕಲಿತುಕೊಂಡಿರಬೇಕು. ಫೋನಿನಲ್ಲಿ ಡ್ರೈವರ್ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಒಯ್ದು ಕಂಪ್ಯೂಟರಿಗೆ ಕೊಟ್ಟರೆ, ಇದರ ಜೊತೆಗೆ ಇನ್ನೊಂದು ಬೇಕು ಎಂದಿತು. ಅದನ್ನು ಒಯ್ದರೆ ಮತ್ತೂ ಮೂರು ಬೇಕು ಎಂದಿತು. ಕೊನೆಗೆ ಲಿನಕ್ಸ್ ಬಲ್ಲವರ ಚರ್ಚಾತಾಣಗಳಲ್ಲಿ ನನ್ನ ಅಳಲು ತೋಡಿಕೊಂಡೆ. ಒಬ್ಬ ಪುಣ್ಯಾತ್ಮ, "ನೀವು ಅಡಾಪ್ಟರ್ ಕೊಳ್ಳುವ ಮೊದಲೇ ವಿಚಾರಿಸಬೇಕಿತ್ತು" ಎಂದು ಬರೆದ. ಬಾವಿಗೆ ಬಿದ್ದವನಿಗೆ ಹಗ್ಗ ಬಿಡುವುದನ್ನು ಬಿಟ್ಟು, ಕತ್ತಲೆಯಲ್ಲಿ ಯಾಕೆ ಬಂದೆ ಎಂದು ಕೇಳುವ ಜಾತಿ ಇದು! ಇನ್ನೊಬ್ಬ ತಿಳಿಸಿದ: ಅಡಾಪ್ಟರಿನ ಕಂಪನಿ ಮುಖ್ಯವಲ್ಲ, ಹೊರಗಿನ ಹೆಸರು ಮುಖ್ಯವಲ್ಲ, ಒಳಗಿರುವ ಚಿಪ್ಪು ಯಾವುದು ಎನ್ನುವುದೊಂದೇ ಮುಖ್ಯ. ಇಂಥಿಂಥ ಚಿಪ್ಪು ಇದ್ದರೆ ಲಿನಕ್ಸ್ ಕಣ್ಣುಮುಚ್ಚಿ ಒಪ್ಪಿಕೊಳ್ಳುತ್ತದೆ.

ಸರಿ, ಚಿಪ್ಪಿನ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಶಹಾಪುರದ ಅಂಗಡಿಗಳಿಗೆ ಹೋದೆ. ಡಬ್ಬಿಯ ಮೇಲೆ ಏನೆಲ್ಲ ಬರೆದಿತ್ತು! ವೇಗ ಇಷ್ಟು, ದೂರ ಅಷ್ಟು, ನಗುತ್ತಿರುವ ಒಂದು ಸಂಸಾರದ ಚಿತ್ರ ಬೇರೆ. ಇಂಟರ್ನೆಟ್ ಬಂತೆಂದು ಹಲ್ಲು ಬಿಟ್ಟು ನಿಂತ ಆ ಗಂಡನನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಒಳಗಿನ ಚಿಪ್ಪು ಯಾವುದೆಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಎರಡು ರೂಪಾಯಿಯ ಚಾಕಲೇಟಿನ ಮೇಲೂ ಒಳಗೇನಿದೆ ಎಂದು ಬರೆದಿರುತ್ತಾರೆ. ಇವರಿಗೇನು ಧಾಡಿ? ಸುರಪುರಕ್ಕೂ ಹೋಗಿ ಬಂದೆ. ಅಲ್ಲಿಯ ಅಂಗಡಿಯವನು ನನ್ನ ಚೀಟಿಯನ್ನು ಎರಡು ಸಲ ಓದಿ, "ಲಿನಕ್ಸ್ ಅಂದ್ರ ಯಾವ ಕಂಪನೀದ್ರಿ ಸರ? ನಮ್ಮ ಕಡಿ ಬಂದಿಲ್ಲದು. ಆದ್ರೂ ಇದನ್ನ ಒಯ್ರಿ, ನಡೀತದ" ಎಂದ. ಏನು ಕೇಳಿದರೂ ನಡೀತದ ಎನ್ನುವವರಿಂದ ನಾನು ಏನನ್ನೂ ಕೊಳ್ಳುವುದಿಲ್ಲ.

ಆಗ ಹೊಳೆಯಿತು. ಅಡಾಪ್ಟರನ್ನು ಮನೆಗೆ ತಂದು ಹಚ್ಚಿ ನೋಡುವ ಬದಲು ಕಂಪ್ಯೂಟರನ್ನೇ ಅಂಗಡಿಗೆ ಒಯ್ದರೆ? ಶನಿವಾರ ಶಾಲೆ ಅರ್ಧ ದಿನ. ಕಂಪ್ಯೂಟರಿನ ಡಬ್ಬವನ್ನು ಹಳೆಯ ದುಪ್ಪಟಿಯಲ್ಲಿ ಗಂಟು ಕಟ್ಟಿ, ಯಾದಗಿರಿ ಬಸ್ಸು ಹತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಪಕ್ಕದಲ್ಲಿದ್ದ ಅಜ್ಜಿ ಗಂಟನ್ನು ಬೆರಳಿನಿಂದ ತಟ್ಟಿ ನೋಡಿ, "ಪೇಟಿ ಏನ್ರಿ? ಭಜನಿಗಿ ಹೊಂಟೀರೇನು?" ಎಂದು ಕೇಳಿದಳು. ಹಾರ್ಮೋನಿಯಂ ಅಲ್ಲ, ಕಂಪ್ಯೂಟರ್ ಎಂದೆ. "ಹಂಗಾದ್ರ ಯಾಕ ಹೊತಗೊಂಡು ತಿರುಗಾಕತ್ತೀರಿ? ಆರಾಮಿಲ್ಲೇನು ಅದಕ್ಕ?" ಎಂದಳು. ಭೀಮೆಯ ಸೇತುವೆ ದಾಟುವ ತನಕ ಆ ಅಜ್ಜಿ, ತನ್ನ ಎಮ್ಮೆಯನ್ನು ಡಾಕ್ಟರ ಹತ್ತಿರ ಹೊಡೆದುಕೊಂಡು ಹೋದ ಕಥೆ ಹೇಳಿದಳು. ನನ್ನ ಸ್ಥಿತಿಯನ್ನು ಇಡೀ ವಾರದಲ್ಲಿ ಸರಿಯಾಗಿ ಅರ್ಥ ಮಾಡಿಕೊಂಡದ್ದು ಆಕೆಯೊಬ್ಬಳೇ.

ಯಾದಗಿರಿಯ ಸ್ಟೇಷನ್ ರಸ್ತೆಯ ಅಂಗಡಿಯ ಯಜಮಾನರು ಹಣೆತುಂಬ ವಿಭೂತಿ ಧರಿಸಿದ ಸಮಾಧಾನದ ಮನುಷ್ಯ. ಗಂಟು ಬಿಚ್ಚಿದ್ದನ್ನು ನೋಡಿಯೂ ನಗದೆ, ಅಂಗಡಿಯದೇ ಒಂದು ಪರದೆಗೆ ಅದನ್ನು ಜೋಡಿಸಿದರು. ಗಾಜಿನ ಕಪಾಟಿನಲ್ಲಿ ತೋರಿಸಲೆಂದು ಇಟ್ಟಿದ್ದ, ಡಬ್ಬಿ ಹರಿದ, ಧೂಳು ಕುಳಿತ ಒಂದು ಅಡಾಪ್ಟರನ್ನು ತೆಗೆದು ಉಫ್ ಎಂದು ಊದಿ ಕೊಟ್ಟರು. ಚುಚ್ಚಿದೆ. ಚುಚ್ಚಿದ್ದೇ ತಡ, ಪರದೆಯ ಮೂಲೆಯಲ್ಲಿ ಯಾದಗಿರಿಯ ಅರ್ಧ ಊರಿನ ವೈಫೈ ಹೆಸರುಗಳು ಸಾಲಾಗಿ ಬಂದು ನಿಂತವು! ಡ್ರೈವರ್ ಇಲ್ಲ, ಪೆನ್‌ಡ್ರೈವ್ ಇಲ್ಲ, ಏನೂ ಇಲ್ಲ. ಯಜಮಾನರ ಕೈ ಹಿಡಿದು ಕುಲುಕಿದೆ.

"ಇದನ್ನ ಒಯ್ರಿ ಸರ. ಹೆಂಗಿದ್ರೂ ಚೆಕ್ ಆಗ್ಯದ," ಎಂದರು ಅವರು.

ಇಲ್ಲಿ ನಾನು ಒಂದು ಮಾತು ಹೇಳಬೇಕು. ನಮ್ಮ ಮನೆತನದಲ್ಲಿ ಮೇಲಿನದನ್ನು ಕೊಳ್ಳುವ ಪದ್ಧತಿ ಇಲ್ಲ. ಪೇಪರು ಕೊಂಡರೆ ಕಟ್ಟಿನ ನಡುವಿನಿಂದ ಎಳೆಯುತ್ತೇವೆ, ಬದನೆಕಾಯಿ ಬುಟ್ಟಿಯ ತಳದಿಂದ ಕೆದಕುತ್ತೇವೆ. ಸೀರೆ ಅಂಗಡಿಯಲ್ಲಿ ಎಷ್ಟೇ ಹರವಿ ತೋರಿಸಿದರೂ, ಅದೇ ಬಣ್ಣದ್ದು ಒಳಗಿಂದು ಕೊಡಿ ಎಂದು ನಮ್ಮವ್ವ ಹೇಳದೆ ಎದ್ದದ್ದಿಲ್ಲ. ಇದು ನಮ್ಮ ಮನೆತನದ್ದೊಂದೇ ಅಲ್ಲ, ಈ ಸೀಮೆಯ ಅರ್ಧ ಜನ ಹೀಗೇ.

"ಬಿಚ್ಚಿದ್ ಮಾಲು ನನಗ್ಯಾಕ್ರಿ? ರೊಕ್ಕ ಪೂರಾ ಕೊಡ್ತೀನಿ. ಇದ ನಮೂನಿದು ಒಳಗಿಂದು ಸೀಲ್ ಪೀಸ್ ಕೊಡ್ರಿ," ಎಂದೆ.

ಯಜಮಾನರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಒಳಗೆ ಹೋಗಿ, ಅದೇ ಹೆಸರಿನ, ಅದೇ ಚಿತ್ರದ, ಅದೇ ಹಲ್ಲು ಬಿಟ್ಟ ಗಂಡನಿದ್ದ ಹೊಚ್ಚಹೊಸ ಡಬ್ಬಿ ತಂದುಕೊಟ್ಟರು. ಗಂಟು ಕಟ್ಟಿಕೊಂಡು ಬಸ್ಸು ಹತ್ತಿ ಶಹಾಪುರದ ತನಕ ಒಬ್ಬನೇ ನಗುತ್ತ ಬಂದೆ.

ಮನೆಯಲ್ಲಿ ಸೀಲ್ ಒಡೆದು ಚುಚ್ಚಿದರೆ, ನೀಲಿ ದೀಪ. ಅಷ್ಟೇ. ತೆಗೆದು ಚುಚ್ಚಿದೆ, ಬೇರೆ ಕಿಂಡಿಗೆ ಚುಚ್ಚಿದೆ, ಬೈದು ಚುಚ್ಚಿದೆ. ಕೊನೆಗೆ ಒಳಗಿನ ಚಿಪ್ಪಿನ ನಂಬರು ತೆಗೆಸಿ ನೋಡಿದರೆ ಅದು ಬೇರೆಯೇ! ಭೂತಗನ್ನಡಿ ಹಿಡಿದು ಡಬ್ಬಿಯನ್ನು ತಿರುವಿ ನೋಡಿದಾಗ, ತಳದಲ್ಲಿ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ, ಇದು ಮೂರನೆಯ ಆವೃತ್ತಿ ಎಂದಿತ್ತು. ಅಂಗಡಿಯಲ್ಲಿ ಓಡಿದ್ದು ಮೊದಲನೆಯದಿರಬೇಕು. ಹೆಸರು ಅದೇ ಇಟ್ಟು ಹೊಟ್ಟೆಯನ್ನು ಬದಲಿಸಿದ್ದರು. ಸ್ವಾಮಿ, ನಮ್ಮ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ, ಒಳಗಿನ ಕಾಳನ್ನು ಅಂಗೈ ಮೇಲೆ ಹಾಕಿಕೊಂಡು ನೋಡಿಯೇ ಭತ್ತಕ್ಕೆ ಬೆಲೆ ಕಟ್ಟುತ್ತಾರೆ. ಮೇಲೊಂದು ಒಳಗೊಂದು ತುಂಬಿದವನನ್ನು ಗೇಟಿನ ತನಕ ಸುಮ್ಮನೆ ನಡೆಯಲು ಬಿಡುವುದಿಲ್ಲ. ಈ ಕಂಪನಿಯವರು ಎಲ್ಲಿದ್ದಾರೆ, ಯಾವ ಗೇಟಿನಿಂದ ಹೊರಗೆ ಬರುತ್ತಾರೆ ಎಂದು ತಿಳಿದಿದ್ದರೆ ನಾನೂ ಹೋಗಿ ನಿಲ್ಲುತ್ತಿದ್ದೆ.

"ಅಲ್ರಿ, ಅಂಗಡ್ಯಾಗ ಚಲೋ ನಡದಿದ್ದನ್ನ ಬಿಟ್ಟು ಯಾಕ ಬಂದ್ರಿ?" ಎಂದು ಮಹಾದೇವಿ ಕೇಳಿದಳು. ಆ ಪ್ರಶ್ನೆಗೆ ವಿಜ್ಞಾನದಲ್ಲಿ ಉತ್ತರವಿಲ್ಲ. ನಾಳೆ ಮೊದಲ ಬಸ್ಸಿಗೆ ಹೋಗಿ, ಬಿಚ್ಚಿದ್ದನ್ನೇ ತೆಗೆದುಕೊಂಡು ಹತ್ತರೊಳಗೆ ಬರುತ್ತೇನೆ ಎಂದೆ.

ಭಾನುವಾರ ಎಂಟಕ್ಕೆಲ್ಲ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿ ತೆರೆದದ್ದು ಹತ್ತಕ್ಕೆ. ಯಜಮಾನರು ಕಸ ಹೊಡೆದು, ನೀರು ಚಿಮುಕಿಸಿ, ಫೋಟೋಗೆ ಹೂ ಏರಿಸಿ, ಊದುಬತ್ತಿಯನ್ನು ಪ್ರತಿಯೊಂದು ಕಂಪ್ಯೂಟರಿಗೂ ತೋರಿಸಿ ಬರುವ ತನಕ ನಾನು ಡಬ್ಬಿ ಹಿಡಿದು ಕಾಯ್ದೆ.

"ಇದನ್ನ ವಾಪಸ್ ಇಟಗೊಂಡು ನಿನ್ನಿದು ಕೊಡ್ರಿ," ಎಂದೆ.

"ಇನ್ನಾ ಬೋಣಿನೇ ಆಗಿಲ್ರಿ ಸರ. ಮುಂಜಾನಿ ಮುಂಜಾನಿ ವಾಪಸ್ ತಗೋಬಾರದು," ಎಂದರು. ದಿನದ ಮೊದಲ ವ್ಯಾಪಾರ ಆಗದೆ ಕೊಟ್ಟ ಮಾಲನ್ನು ಹಿಂದಕ್ಕೆ ತೆಗೆದುಕೊಂಡರೆ ದಿನವೆಲ್ಲ ವಾಪಸ್ಸೇ ಬರುತ್ತದೆ ಎಂಬುದು ಅವರ ನಂಬಿಕೆ. "ಮ್ಯಾಲ ಇದರ ಸೀಲ್ ಒಡದೀರಿ. ಬಿಚ್ಚಿದ್ ಮಾಲು ಯಾರು ತಗೋತಾರ್ರಿ? ನೀವ ಹೇಳ್ರಿ."

ಆ ಧೂಳಿನ ಅಡಾಪ್ಟರನ್ನು ಪೂರಾ ಬೆಲೆಗೆ ಕೊಂಡು ಅವರ ಬೋಣಿ ನಾನೇ ಮಾಡಿದೆ. ಅವರು ನೋಟನ್ನು ಕಣ್ಣಿಗೆ ಒತ್ತಿಕೊಂಡರು. ನನ್ನ ಕಣ್ಣಿಗೆ ನೀರು ಬರುವುದೊಂದು ಬಾಕಿ ಇತ್ತು. ಹೊರಗೆ ಬಂದರೆ ಬಸ್ಸು ಆಗಷ್ಟೇ ಹೋಗಿತ್ತು. ಮುಂದಿನ ಬಸ್ಸಿನ ಡ್ರೈವರ್ ಚಹಾ ಕುಡಿಯಲು ಹೋಗಿದ್ದ. ಅಲ್ಲಿಯೂ ನನಗೆ ಡ್ರೈವರಿನದೇ ತೊಂದರೆ.

ಮನೆ ಮುಟ್ಟುವಾಗ ಹನ್ನೆರಡು ದಾಟಿತ್ತು. ಒಳಕೋಣೆಯಿಂದ ಚಪ್ಪಾಳೆಯ ಸದ್ದು ಕೇಳಿತು. ಮಹಾದೇವಿ ಇಲಕಲ್ ಸೀರೆ ಉಟ್ಟು, ಕಂಪ್ಯೂಟರಿನ ಪರದೆಗೆ ಎರಡೂ ಕೈ ಮುಗಿದು ನಿಂತಿದ್ದಳು. ಪರದೆಯ ತುಂಬ ನಗುತ್ತಿರುವ ಶಿಕ್ಷಕ ಶಿಕ್ಷಕಿಯರ ಮುಖಗಳು. ಕಂಪ್ಯೂಟರಿನಿಂದ ಒಂದು ವೈರು ಹೊರಟು ಆಕೆಯ ಫೋನಿಗೆ ಸೇರಿತ್ತು.

"ಇಂಟರ್ನೆಟ್ ಹೆಂಗ ಬಂತು?" ಎಂದೆ, ಪರದೆಯ ಮುಖಗಳೆಲ್ಲ ಮರೆಯಾದ ಮೇಲೆ.

"ಫೋನಿನ್ಯಾಗರೆ ಮಾಡೂಣು ಅಂತ ನೋಡಿದ್ರ ಚಾರ್ಜ್ ಇದ್ದಿಲ್ಲ. ಚಾರ್ಜರ್ ನೀವು ಯಾದಗಿರಿಗಿ ಒಯ್ದಿದ್ರಿ, ಬರೇ ವೈರ್ ಬಿದ್ದಿತ್ತು. ಕಂಪ್ಯೂಟರಿಗಿ ಚುಚ್ಚಿದ್ನಿ. ಫೈಲ್ ಕೊಡ್ಲೇನು, ಇಂಟರ್ನೆಟ್ ಕೊಡ್ಲೇನು, ಬರೇ ಚಾರ್ಜ್ ಆಗ್ಲೇನು ಅಂತ ಫೋನೇ ಕೇಳ್ತು. ಇಂಟರ್ನೆಟ್ ಕೊಡು ಅಂದ್ನಿ. ಕೊಡ್ತು."

ವೈರಿನಲ್ಲೂ ಫೋನಿನಿಂದ ಇಂಟರ್ನೆಟ್ ಬರುತ್ತದೆ ಎನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಅದಕ್ಕೆ ಯಾವ ಡ್ರೈವರೂ ಬೇಡ, ಲಿನಕ್ಸ್ ಚುಚ್ಚಿದ ಕೂಡಲೇ ಗುರುತು ಹಿಡಿಯುತ್ತದೆ ಎನ್ನುವುದೂ ಗೊತ್ತಿತ್ತು. ಇಡೀ ವಾರ ಅಡಾಪ್ಟರ್ ಆರಿಸುವ ಗದ್ದಲದಲ್ಲಿ ಅದು ನೆನಪಿಗೆ ಬಂದಿರಲಿಲ್ಲ, ಅಷ್ಟೇ. ಹಾಗೆ ನೋಡಿದರೆ, ನಾನು ಚಾರ್ಜರ್ ಒಯ್ದದ್ದರಿಂದಲೇ ಕಾರ್ಯಕ್ರಮ ನಡೆಯಿತು ಎಂದು ವಾದಿಸಲು ಬಾಯಿ ತೆರೆದೆ. ಆಕೆಯ ಮುಖ ನೋಡಿ ಮುಚ್ಚಿದೆ.

"ಕೊನೀಗಿ ಒಬ್ರು ಕೇಳಿದ್ರು, ನಿಮ್ಮ ಮನ್ಯಾಗ ಕಂಪ್ಯೂಟರ್ ಯಾರು ನೋಡ್ತಾರ್ರಿ ಮೇಡಂ, ಅಂತ. ನಮ್ಮ ಮನಿಯವ್ರು ಅಂದ್ನಿ. ಎಲ್ಲದಾರ, ಕರೀರಿ ಅಂದ್ರು. ಬಸ್ಸಿನ್ಯಾಗ ಅದಾರ ಅಂದ್ನಿ. ಎಲ್ಲಾರೂ ನಕ್ಕರು." ಅಷ್ಟು ಹೇಳಿ, ಹರಡಿದ್ದ ಹುಣಸೆಬೀಜಗಳನ್ನು ಡಬ್ಬಿಗೆ ತುಂಬತೊಡಗಿದಳು. "ಎರಡನೇ ಆಟದಾಗ ತಪ್ಪಿದ್ನ್ರಿ. ಕೈ ಸನ್ನಿ ಮಾಡ್ತೀರಿ ಅಂತ ಬಾಜೂಕ ತಿರುಗಿ ನೋಡಿದ್ನಿ. ಕುರ್ಚಿ ಇತ್ತು."

ನನಗೆ ಬಹಳ ನಾಚಿಕೆಯಾಯಿತು. ಅದರ ಹಿಂದೆಯೇ ಅಭ್ಯಾಸಬಲದಿಂದ ಸಿಟ್ಟೂ ಬಂತು. ಯಾರ ಮೇಲೆ ತೀರಿಸಲಿ ಎಂದು ಹುಡುಕಿದೆ. ಡಬ್ಬಿಯ ಕಂಪನಿಯವರ ಮೇಲೆ, ಚರ್ಚಾತಾಣದ ಪಂಡಿತರ ಮೇಲೆ, ಅಂಗಡಿಯವರ ಮೇಲೆ, ಬಸ್ಸಿನ ಮೇಲೆ ಆಗಲೇ ಮಾಡಿ ಮುಗಿಸಿದ್ದೆ. ಹೊಸದಾಗಿ ಸಿಟ್ಟು ಮಾಡಲು ನಾನೊಬ್ಬನೇ ಉಳಿದಿದ್ದೆ. ಜೇಬಿನಲ್ಲಿದ್ದ ಅಡಾಪ್ಟರನ್ನು ಹೊರಗೆ ತೆಗೆಯದೆ, ಆ ಖಾಲಿ ಕುರ್ಚಿಯಲ್ಲಿ ಕೂತು, "ಇನ್ನೊಮ್ಮಿ ತೋರಸ್ತೀಯೇನು? ಮೊದಲಿಂದ," ಎಂದೆ. ಮಹಾದೇವಿ ಡಬ್ಬಿಯಲ್ಲಿದ್ದ ಬೀಜಗಳನ್ನು ಮತ್ತೆ ಮೇಜಿನ ಮೇಲೆ ಸುರಿದಳು. ಆಟಗಳು ನಿಜಕ್ಕೂ ಬಹಳ ಚೆನ್ನಾಗಿದ್ದವು. ಆ ವಿಷಯ ಜಿಲ್ಲೆಯ ಶಿಕ್ಷಕರಿಗೆಲ್ಲ ನನಗಿಂತ ಮೊದಲೇ ಗೊತ್ತಾಗಿತ್ತು.